ಬಿಸಿ ಹಾಲಿಗೆ ನೀರಿನ ಚೀಟಿ

ಪ್ರೋಗ್ರಾಮಿನಲ್ಲಿ ಒಂದೇ ಒಂದು ಕ್ಯಾಚ್ ಬರೆದು, ಎಲ್ಲ ತಪ್ಪನ್ನೂ ಅದರ ಹೊಟ್ಟೆಗೆ ತುರುಕಿ, ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೋಲಾರದ ಕಂಪ್ಯೂಟರ್ ಸೆಂಟರಿನಲ್ಲಿ ಜಾವಾ ಹೇಳಿಕೊಡುತ್ತಿದ್ದ ಅಷ್ಟೂ ವರ್ಷ ಈ ಒಂದು ವಿಷಯಕ್ಕೆ ಬೈದಷ್ಟು ಬೇರೆ ಯಾವುದಕ್ಕೂ ಬೈದಿಲ್ಲ. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಂದು ನಾಲ್ಕೂ ದಿಕ್ಕಿನಿಂದ ಬಸ್ಸು ಹಿಡಿದು ಬರುತ್ತಿದ್ದ ವಿದ್ಯಾರ್ಥಿಗಳು ಸುಸ್ತಾಗಿ ಕೇಳುತ್ತಿದ್ದರು: "ಏನೋ ತಪ್ಪಾಗಿದೆ ಅಂತ ಒಂದು ಮೆಸೇಜ್ ಬಂದ್ರೆ ಸಾಲದಾ ಮೇಡಂ?"

"ಜ್ವರ ಅಂತ ಡಾಕ್ಟರ್ ಹತ್ರ ಹೋಗ್ತೀಯ. ನಿನಗೇನೋ ಆಗಿದೆ ಹೋಗಮ್ಮ ಅಂತ ಕಳಿಸಿದ್ರೆ ಸಾಲುತ್ತಾ ನಿಂಗೆ?" ಎಂದು ನಾನು ರೇಗುತ್ತಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಪ್ರೋಗ್ರಾಂ ಓಡುತ್ತಿರುವಾಗ ನಡುವೆ ಏನಾದರೂ ಎಡವಟ್ಟಾದರೆ, ಅದು ಕೆಲಸ ನಿಲ್ಲಿಸಿ ಆ ಎಡವಟ್ಟಿನ ಹೆಸರನ್ನು ಎಸೆಯುತ್ತದೆ. ಅದೇ ಎಕ್ಸೆಪ್ಷನ್. ಎಸೆದದ್ದನ್ನು ಹಿಡಿಯಲು ಕೆಳಗೆ ಸಾಲಾಗಿ ಕ್ಯಾಚ್‌ಗಳು ಕಾಯುತ್ತಿರುತ್ತವೆ. ಮೊದಲು ಯಾವುದರ ಕೈಗೆ ಸಿಗುತ್ತದೋ ಅದೇ ಹಿಡಿಯುತ್ತದೆ, ಉಳಿದವು ಸುಮ್ಮನಿರುತ್ತವೆ. ಭಾಷೆಯ ಜೊತೆಗೇ ಬಂದ ಹೆಸರುಗಳು ಸಾಲದಿದ್ದರೆ ನಮ್ಮ ಕೆಲಸದ ಎಡವಟ್ಟುಗಳಿಗೆ ನಾವೇ ಹೆಸರಿಟ್ಟುಕೊಳ್ಳಬಹುದು. ಒಂದು ಹೆಸರನ್ನು ಇನ್ನೊಂದರ ಮಗುವಾಗಿಯೂ ಮಾಡಬಹುದು. ಆದರೆ ಎಚ್ಚರ ಬೇಕು: ತಾಯಿಯನ್ನು ಹಿಡಿಯುವ ಕ್ಯಾಚ್ ಮಗುವನ್ನೂ ಹಿಡಿದುಬಿಡುತ್ತದೆ. ಆದ್ದರಿಂದ ಮಗುವಿನದನ್ನು ಮೊದಲು ಬರೆಯಬೇಕು, ತಾಯಿಯದನ್ನು ಆಮೇಲೆ. ಜಗುಲಿಯಲ್ಲಿ ಕುಳಿತ ಹಿರಿಯರು ಬಂದವರನ್ನೆಲ್ಲ ಅಲ್ಲೇ ಮಾತಾಡಿಸಿ ಕಳಿಸಿಬಿಟ್ಟರೆ, ಯಾರು ಬಂದಿದ್ದರೆಂದು ಒಳಗಿದ್ದವರಿಗೆ ತಿಳಿಯುವುದೇ ಇಲ್ಲವಲ್ಲ, ಹಾಗೆ. ಪಾಠ ಇಷ್ಟೇ. ಇದನ್ನು ನಾನು ಬೋರ್ಡಿನ ಮೇಲೆ ಕಣ್ಣುಮುಚ್ಚಿಕೊಂಡು ಬರೆಯಬಲ್ಲೆ.

ಆ ಜಂಬ ನನಗೆ ಯಾವಾಗಲೂ ಇತ್ತು, ಈಗಲೂ ಇದೆ, ಸುಳ್ಳೇಕೆ ಹೇಳಲಿ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಅಜ್ಜ ಪೂಜೆ ಮಾಡಿಸುತ್ತಿದ್ದವರು, ಅಪ್ಪ ಮೇಷ್ಟ್ರು. ಒಬ್ಬರು ಮಂತ್ರದಲ್ಲಿ ತಪ್ಪಿದವರಲ್ಲ, ಇನ್ನೊಬ್ಬರು ಪಾಠದಲ್ಲಿ ತಪ್ಪಿದವರಲ್ಲ. ಅಡುಗೆಗೆ ಉಪ್ಪು ಹೆಚ್ಚಾದರೂ "ಇವತ್ತಿನ ಉಪ್ಪೇ ಜೋರು" ಎನ್ನುತ್ತಿದ್ದಳು ನಮ್ಮಮ್ಮ. "ತಪ್ಪಾಯ್ತು" ಎಂಬ ಮಾತು ಆ ಮನೆಯಲ್ಲಿ ನನ್ನ ಕಿವಿಗೆ ಬಿದ್ದ ನೆನಪೇ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಕ್ಯಾಲನೂರಿನಿಂದ ಇನ್ನೂ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಹಾಲಿನ ಡೈರಿಗೆ ಯಾರೋ ಒಂದು ಹಳೆಯ ಕಂಪ್ಯೂಟರನ್ನೂ ಕಿರ್ರೋ ಎನ್ನುವ ಒಂದು ಪ್ರಿಂಟರನ್ನೂ ಕೊಟ್ಟಿದ್ದರು. ಡೈರಿಯ ಸೆಕ್ರೆಟರಿ ನಮ್ಮ ಸೆಂಟರಿಗೆ ಬಂದರು. ಐವತ್ತು ದಾಟಿದವರು, ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಥರ್ಮಾಮೀಟರು. ಬಂದವರೇ ತಮ್ಮ ಕಷ್ಟ ಹೇಳಿಕೊಂಡರು.

"ದಿನಾ ಎರಡು ಹೊತ್ತು ಜಗಳ ಮೇಡಂ. ಡಿಗ್ರಿ ಬರಲಿಲ್ಲ, ನೀರು ಬೆರಸಿದ್ದೀರಾ ಅಂದ್ರೆ, ನನ್ನ ಮೇಲೆ ಹಗೆ ಸಾಧಿಸ್ತೀಯಾ ಅಂತಾರೆ. ಹುಳಿ ಬಂದಿದೆ ಅಂದ್ರೆ, ನಿನ್ನ ಮೂಗೇ ಸರಿಯಿಲ್ಲ ಅಂತಾರೆ. ಆ ಮಾತನ್ನ ಕಂಪ್ಯೂಟರೇ ಹೇಳಂಗೆ ಮಾಡ್ಕೊಡಿ. ನಾನು ಬಚಾವಾಗ್ತೀನಿ."

ಡಿಗ್ರಿ ಎಂದರೆ ಲ್ಯಾಕ್ಟೋಮೀಟರಿನ ಅಂಕಿ. ಹಾಲಿನಲ್ಲಿ ಆ ಗಾಜಿನ ಕಡ್ಡಿಯನ್ನು ತೇಲಿಬಿಟ್ಟರೆ ಹಾಲು ಗಟ್ಟಿಯಿದ್ದಾಗ ಮೇಲೆ ನಿಲ್ಲುತ್ತದೆ, ತೆಳುವಾಗಿದ್ದರೆ ಮುಳುಗುತ್ತದೆ. ಯಾವ ಯಾವ ಕಾರಣಕ್ಕೆ ಹಾಲು ವಾಪಸ್ ಕಳಿಸುತ್ತೀರಿ ಎಂದು ನಾನು ಒಂದೊಂದಾಗಿ ಕೇಳಿದೆ. ನೀರು, ಹುಳಿ, ಆಮೇಲೆ ಗಿಣ್ಣು. ಕರು ಹಾಕಿದ ಹೊಸದರಲ್ಲಿ ಗಿಣ್ಣುಹಾಲನ್ನು ಅಕ್ಕಪಕ್ಕದ ಮನೆಗೆ ಹಂಚಬೇಕೇ ಹೊರತು ಡೈರಿಗೆ ತರಬಾರದು, ಆದರೂ ಆಸೆಬುರುಕರು ತರುತ್ತಾರೆ ಎಂದು ನಕ್ಕರು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು ಇನ್ನೊಂದನ್ನು ಹೇಳಿದರು.

"ಇನ್ನೊಂದಿದೆ ಮೇಡಂ. ಆಗಷ್ಟೇ ಕರೆದ ಹಾಲು ಬಿಸಿ ಇರುತ್ತೆ, ನೊರೆ ಇರುತ್ತೆ. ಅದಕ್ಕೂ ಡಿಗ್ರಿ ಕಮ್ಮೀನೇ ತೋರ್ಸುತ್ತೆ. ಅದು ನೀರಲ್ಲ. ನಾನು ಕ್ಯಾನಿಗೆ ಹಿಂಗೈ ಇಟ್ಟು ನೋಡ್ತೀನಿ. ಬಿಸಿ ಇದ್ರೆ, ಹೋಗಿ ಸ್ವಲ್ಪ ಹೊತ್ತು ತಣ್ಣೀರಲ್ಲಿಟ್ಟು ಬನ್ನಿ ಅಂತೀನಿ. ಆಮೇಲೆ ಸರಿಯಾಗಿ ಬರುತ್ತೆ."

ನನಗೆ ಖುಷಿಯೋ ಖುಷಿ. ಪುಸ್ತಕದಲ್ಲಿರುವ ಬ್ಯಾಂಕು, ಲೈಬ್ರರಿಗಳ ಉದಾಹರಣೆ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಇಲ್ಲಿ ನೋಡಿದರೆ ನಾಲ್ಕು ಎಕ್ಸೆಪ್ಷನ್‌ಗಳು ಕೊಟ್ಟಿಗೆಯಿಂದ ನೇರವಾಗಿ ನಡೆದು ಬಂದಿವೆ! ನೀರು ಎಕ್ಸೆಪ್ಷನ್, ಹುಳಿ ಎಕ್ಸೆಪ್ಷನ್, ಗಿಣ್ಣು ಎಕ್ಸೆಪ್ಷನ್, ಬಿಸಿ ಎಕ್ಸೆಪ್ಷನ್ ಎಂದೇ ಹೆಸರಿಟ್ಟೆ. ನೀರಿಗೂ ಬಿಸಿಗೂ ಡಿಗ್ರಿ ಕಡಿಮೆಯಾಗುವುದೇ ಗುರುತಾದ್ದರಿಂದ ಬಿಸಿಯನ್ನು ನೀರಿನ ಮಗುವಾಗಿ ಮಾಡಿದೆ. ಸೆಕ್ರೆಟರಿ ಡಿಗ್ರಿ, ಶಾಖ, ವಾಸನೆ ಇವನ್ನು ಒತ್ತಿದರೆ ಸಾಕು, ಕಾರಣ ಅಚ್ಚಾದ ಚೀಟಿ ಹೊರಬರಬೇಕು. ಅಕ್ಷರ ಇಂಗ್ಲಿಷಿನದು, ಮಾತು ಕನ್ನಡದ್ದು.

ಅಚ್ಚುಕಟ್ಟಾದ ಕೆಲಸವೇ. ಆದರೆ ಕೊನೆಯ ದಿನ ಸಂಜೆ, ಮುಳಬಾಗಿಲಿನ ಬಸ್ಸಿಗೆ ಹತ್ತು ನಿಮಿಷವಿದ್ದಾಗ, ಕಂಪೈಲರ್ ತಕರಾರು ತೆಗೆಯಿತು. ಕಂಪೈಲರ್ ಎಂದರೆ ನಾವು ಬರೆದದ್ದನ್ನು ಓದಿ ಒಪ್ಪುವ, ಒಪ್ಪದಿದ್ದರೆ ಅಲ್ಲೇ ತಡೆಯುವ ಸಾಧನ. ಬಿಸಿ ಎಕ್ಸೆಪ್ಷನ್ನನ್ನು ಮೇಲೆಯೇ ಹಿಡಿದಾಗಿದೆ, ಈ ಕ್ಯಾಚ್‌ಗೆ ಕೆಲಸವಿಲ್ಲ ಎಂದಿತು. ನೀರಿನದನ್ನು ಮೇಲೆ, ಬಿಸಿಯದನ್ನು ಕೆಳಗೆ ಬರೆದಿದ್ದೆ. ಎರಡನ್ನೂ ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು. ನನಗೆ ಬಸ್ಸಿನ ಚಿಂತೆ. ಕೆಲಸವಿಲ್ಲ ತಾನೇ, ಇರಲಿ ಬಿಡು, ಆಮೇಲೆ ನೋಡೋಣ ಎಂದು ಕೆಳಗಿನ ನಾಲ್ಕು ಸಾಲನ್ನು ಅಳಿಸಿಬಿಟ್ಟೆ. ಕಂಪೈಲರ್ ಬಾಯಿ ಮುಚ್ಚಿತು, ನನಗೆ ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಮುಂದಿನ ಸೋಮವಾರ ಡೈರಿಗೆ ಹೋಗಿ ಹಾಕಿಕೊಟ್ಟೆ. ನೀರಿಗೆ, ಹುಳಿಗೆ, ಗಿಣ್ಣಿಗೆ ಒಂದೊಂದು ಚೀಟಿ ತೆಗೆದು ತೋರಿಸಿ ಭೇಷ್ ಎನಿಸಿಕೊಂಡೆ. ಬಿಸಿಯ ವಿಷಯ ನನಗೆ ಮರೆತೇ ಹೋಗಿತ್ತು.

ಬುಧವಾರ ಸೆಕ್ರೆಟರಿ ಫೋನ್ ಮಾಡಿದರು.

"ಮೇಡಂ, ಇಲ್ಲೊಬ್ಬರು ಅಮ್ಮ ಕೂಗಾಡ್ತವ್ರೆ. ಎರಡು ಸಲ ನೀರು ಅಂತ ಚೀಟಿ ಬಂತು. ಮೂರು ಬಂದ್ರೆ ಹಾಲು ತಗೋಬಾರದು ಅಂತ ಕಮಿಟಿ ರೂಲ್ಸು. ಕಂಪ್ಯೂಟರಮ್ಮ ಬರೋವರೆಗೂ ಮೂರನೇ ಸಲ ಅಳೆಯೋಕೆ ಬಿಡಲ್ಲ ಅಂತ ಕೂತವ್ರೆ."

"ನೀರು ಹಾಕಿದ್ರೆ ಅದು ನೀರು ಅಂತಾನೇ ಹೇಳುತ್ತೆ ಸಾರ್," ಎಂದೆ. "ಪ್ರೋಗ್ರಾಂ ತಪ್ಪಾಗೋಕೆ ಚಾನ್ಸೇ ಇಲ್ಲ. ಬರ್ತೀನಿ ಬಿಡಿ, ಅವರ ಎದುರಿಗೇ ತೋರಿಸ್ತೀನಿ. ಮೂರನೇದೂ ನೀರು ಅಂತ ಬಂದ್ರೆ ನಿಮ್ಮ ರೂಲ್ಸ್ ಏನಿದೆಯೋ ಹಾಗೇ ಮಾಡಿ."

ಈ ಮಾತನ್ನು ನಾನೇ ಆಡಿದೆ. ನೆನಪಾದಾಗ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಅವತ್ತೇ ಸಂಜೆ ಐದರ ಸುಮಾರಿಗೆ ಹೋಗಿ ಇಳಿದೆ. ಡೈರಿಯ ಮುಂದೆ ಕ್ಯಾನು ಚೊಂಬು ಹಿಡಿದವರ ಸಾಲು ಆಗಲೇ ಬೆಳೆದಿತ್ತು. ಹಾಲು ಹಾಕುವವರಿಗಿಂತ ತಮಾಷೆ ನೋಡುವವರು ಹೆಚ್ಚು. ಆ ಹೆಂಗಸು ಬಾಗಿಲ ಪಕ್ಕ ಸೆರಗು ಬಿಗಿದು ನಿಂತಿದ್ದರು. ನಮ್ಮಮ್ಮನ ವಯಸ್ಸು, ಒಣಕಲು ಮೈ, ಗಂಟಲು ಮಾತ್ರ ಗಟ್ಟಿ. ಒಂದು ಸೀಮೆಹಸು ಸಾಕಿಕೊಂಡಿದ್ದರು. ಡೈರಿಯ ಗೋಡೆಗೆ ಅವರ ಕೊಟ್ಟಿಗೆಯ ಗೋಡೆ ಅಂಟಿಕೊಂಡಿತ್ತು.

"ನೀನೇನಾ ಕಂಪ್ಯೂಟರ್ ಬರೆದೋಳು?" ಎಂದರು.

"ಹೂಂ ಅಮ್ಮ, ನಾನೇ."

"ಏಂದಮ್ಮಾ ಇದಿ?" ಎಂದು ತೆಲುಗಿನಲ್ಲಿ ಸಿಡಿದವರು ಮತ್ತೆ ಕನ್ನಡಕ್ಕೆ ಬಂದರು. "ಏನಿದು ಅನ್ಯಾಯ? ಈ ಊರಲ್ಲಿ ಯಾರ ಮನೆಗೆ ಬಾಣಂತಿ ಬಂದ್ರೂ ನಮ್ಮ ಹಸೀನ ಹಾಲೇ ಹೋಗೋದು. ಯಾಕೆ? ನೀರು ಮುಟ್ಸಲ್ಲ ಅಂತ! ನಿನ್ನ ಚೀಟೀನ ಈವಪ್ಪ ಎಲ್ಲರ ಮುಂದೆ ಗಟ್ಟಿಯಾಗಿ ಓದ್ದ. ಅವತ್ತು ಸಾಯಂಕಾಲವೇ ಈಗ ಹಾಲು ಹೋಗ್ತಿದ್ದ ಬಾಣಂತಿ ಮನೆಯೋರು ನನ್ನ ಚೊಂಬು ವಾಪಸ್ ಕಳಿಸವ್ರೆ. ಹಾಲು ತುಂಬಿದ್ದ ಹಂಗೇ. ಮಗೀಗೆ ಹಾಕೋ ಹಾಲಿಗೆ ನೀರು ಹಾಕೋಳಾ ನಾನು?"

ಸಾಲಿನಲ್ಲಿ ಯಾರೋ "ನೀರಮ್ಮ" ಎಂದು ಕಿಸಕ್ಕನೆ ನಕ್ಕರು. ಪಾಪ ಅನ್ನಿಸಿತು, ನಿಜ. ಆದರೂ ನಾನು ಬಗ್ಗಲಿಲ್ಲ. ಕೂಗಾಡುವವರೆಲ್ಲ ತಪ್ಪು ಮಾಡಿದವರೇ ಎಂದು ನಮ್ಮಪ್ಪ ತರಗತಿಯಲ್ಲಿ ಹುಡುಗರ ಬಗ್ಗೆ ಹೇಳುತ್ತಿದ್ದರು, ನಾನೂ ಅದನ್ನೇ ನಂಬಿದ್ದೆ.

"ಅಮ್ಮ, ಕಂಪ್ಯೂಟರಿಗೆ ನಿಮ್ಮ ಮೇಲೆ ಹಗೆ ಇರಲ್ಲ. ಹಾಲು ತನ್ನಿ, ನಾನೇ ಅಳೀತೀನಿ."

"ಹಾಲು ತರಲ್ಲ ಕಣಮ್ಮ," ಎಂದರು ಅವರು. "ಹಸೂನೇ ತರ್ತೀನಿ."

ತಂದೇಬಿಟ್ಟರು! ಕೊಟ್ಟಿಗೆಯಿಂದ ಹಗ್ಗ ಹಿಡಿದು ಎಳೆದು ತಂದು ಡೈರಿಯ ಮೆಟ್ಟಿಲ ಮುಂದೆ ಕಟ್ಟಿದರು. ಕೆಚ್ಚಲು ತೊಳೆದು ಬಟ್ಟೆಯಲ್ಲಿ ಒರೆಸಿದರು. ಪಾತ್ರೆಯನ್ನು ಬೋರಲು ಹಾಕಿ, ಒಳಗಡೆ ಸೆರಗಿನಿಂದ ಒರೆಸಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ತೋರಿಸಿಕೊಂಡು ಬಂದರು. "ನೀರಿದ್ಯಾ? ನೋಡಿ, ನೀರಿದ್ಯಾ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ನಕ್ಕವರ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ಹಿಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಚೊರ್ ಚೊರ್ ಎಂದು ಕರೆದರು. ನೊರೆ ಉಕ್ಕುತ್ತಿದ್ದ ಪಾತ್ರೆಯನ್ನು ತಂದು ನನ್ನ ಮುಂದಿಟ್ಟರು.

ಲ್ಯಾಕ್ಟೋಮೀಟರ್ ಇಳಿಬಿಟ್ಟೆ. ಇಪ್ಪತ್ತೈದು, ಬರಬೇಕಾದ್ದಕ್ಕಿಂತ ಕಡಿಮೆ. ಶಾಖ ನೋಡಿ ಅದನ್ನೂ ಒತ್ತಿದೆ. ವಾಸನೆ ಸರಿ. ಎಂಟರ್ ಒತ್ತಿದೆ. ಪ್ರಿಂಟರ್ ಕಿರ್ರೋ ಎಂದು ಚೀಟಿ ತಳ್ಳಿತು: ನೀರು ಬೆರೆತಿದೆ.

ಸಾಲಿಗೆ ಸಾಲೇ ಹೋ ಎಂದಿತು. "ಹಸು ನೀರು ಜಾಸ್ತಿ ಕುಡಿದೈತೆ ಕಣಮ್ಮೋ!" ಎಂದರು ಒಬ್ಬರು. "ಹಸೂನೇ ಸಸ್ಪೆಂಡ್ ಮಾಡ್ರಪ್ಪೋ!" ಎಂದರು ಇನ್ನೊಬ್ಬರು. ಆ ಅಮ್ಮ ನಗಲಿಲ್ಲ. ಮೂರನೆಯ ಚೀಟಿ ಅಲ್ಲವೇ ಅದು? ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಸೆಕ್ರೆಟರಿ ಮೆಲ್ಲನೆ ಬಂದು ಪಾತ್ರೆಗೆ ಹಿಂಗೈ ಇಟ್ಟರು. "ಬಿಸಿ ಇದೆ ಮೇಡಂ," ಎಂದರು. "ಕಂಪ್ಯೂಟರ್ ಬಂದ್ಮೇಲೆ ನಾನು ಕೈಯಿಟ್ಟು ನೋಡೋದೇ ಬಿಟ್ಟೆ. ಅದೇ ನೋಡ್ಕೊಳುತ್ತೆ, ನೀರಿಗಿಂತ ಮುಂಚೆ ಬಿಸಿ ಅಂತ ಹೇಳುತ್ತೆ ಅಂದ್ಕೊಂಡಿದ್ದೆ."

ಬಿಸಿ! ಆ ನಾಲ್ಕು ಸಾಲು, ಆ ಬಸ್ಸು, ಕಿಟಕಿ ಪಕ್ಕದ ಸೀಟು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಪ್ರೋಗ್ರಾಂ ತಪ್ಪಿರಲಿಲ್ಲ. ಪಕ್ಕದ ಕೊಟ್ಟಿಗೆಯಿಂದ ಆರುವ ಮೊದಲೇ ಬರುತ್ತಿದ್ದ ಹಾಲಿಗೆ ಅದು ಮೂರು ಸಲವೂ ಬಿಸಿ ಎಂದೇ ಎಸೆದಿತ್ತು. ಬಿಸಿಯನ್ನು ಹಿಡಿಯಲು ಯಾರೂ ಇಲ್ಲದಂತೆ ನಾನು ಮಾಡಿದ್ದೆ, ಆದ್ದರಿಂದ ತಾಯಿಯ ಕ್ಯಾಚ್ ಹಿಡಿದು ನೀರಿನ ಚೀಟಿ ಅಚ್ಚು ಹಾಕಿತ್ತು. ಯಾವ ತಪ್ಪಿಗೆ ತರಗತಿಯಲ್ಲಿ ಮೈಮೇಲೆ ಬಂದವಳಂತೆ ಬೈಯುತ್ತಿದ್ದೆನೋ ಅದೇ ತಪ್ಪನ್ನು ಮಾಡಿ ಒಬ್ಬ ಮರ್ಯಾದಸ್ಥ ಹೆಂಗಸಿನ ತಲೆಗೆ ಕಟ್ಟಿದ್ದೆ.

ಪಾತ್ರೆಯನ್ನು ಬಕೆಟ್ಟಿನ ತಣ್ಣೀರಿನಲ್ಲಿ ನಿಲ್ಲಿಸಲು ಹೇಳಿ ಕಂಪ್ಯೂಟರ್ ಮುಂದೆ ಕೂತೆ. ಫ್ಲಾಪಿ ಹಾಕಿ, ಅಳಿಸಿದ ಸಾಲುಗಳನ್ನು ಮತ್ತೆ ಬರೆದೆ. ಈ ಸಲ ಬಿಸಿಯದು ಮೇಲೆ, ನೀರಿನದು ಕೆಳಗೆ. ಕಂಪೈಲರ್ ಒಂದು ಮಾತೂ ಆಡಲಿಲ್ಲ. ಮೊದಲು ಬಂದಿದ್ದ ಅಂಕಿಗಳನ್ನೇ ಒತ್ತಿದೆ: ಹಾಲು ಬಿಸಿ ಇದೆ, ತಣಿಸಿ ಮತ್ತೆ ಅಳೆಯಿರಿ ಎಂದು ಬಂತು. ಅರ್ಧ ಗಂಟೆ ಬಿಟ್ಟು, ನೊರೆ ಇಳಿದು ತಣ್ಣಗಾದ ಅದೇ ಹಾಲನ್ನು ಮತ್ತೆ ಅಳೆದೆ. ಇಪ್ಪತ್ತೆಂಟು. ಒಳ್ಳೆಯ ಹಾಲು.

ಸೆಕ್ರೆಟರಿ ನನ್ನ ಕಿವಿಯ ಹತ್ತಿರ ಬಗ್ಗಿದರು. ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲು ನೋಡಿದರು. "ಕಂಪ್ಯೂಟರ್ ಕೆಟ್ಟಿತ್ತು, ರಿಪೇರಿ ಆಯ್ತು ಅಂದ್ಬಿಡಿ ಮೇಡಂ. ಮುಗೀತು."

ಎಂಥ ಸಲೀಸಾದ ದಾರಿ! ನಮ್ಮ ಮನೆಯವರಾದರೆ ಅದನ್ನೇ ಹಿಡಿಯುತ್ತಿದ್ದರು. ನನ್ನ ನಾಲಿಗೆಯ ತುದಿಗೂ ಬಂತು. ಆದರೆ ಕಂಪೈಲರ್ ಹೇಳಿತ್ತು, ಕೇಳದವಳು ನಾನು. ತಪ್ಪನ್ನು ಅದರ ಮೇಲೆ ಹಾಕಿದರೆ ಆ ಅಮ್ಮನ ಮೇಲೆ ಹಾಕಿದ ಹಾಗೆಯೇ ಆಗುತ್ತಿತ್ತು. ಎದ್ದು ಬಾಗಿಲಿಗೆ ಬಂದೆ.

"ಈ ಅಮ್ಮನ ಹಾಲಿಗೆ ಒಂದು ತೊಟ್ಟೂ ನೀರು ಬೆರೆತಿಲ್ಲ. ಮೂರು ಚೀಟೀನೂ ಸುಳ್ಳು. ಕಂಪ್ಯೂಟರ್ ತಪ್ಪಲ್ಲ, ಸೆಕ್ರೆಟರಿ ತಪ್ಪಲ್ಲ. ಬರೆಯೋವಾಗ ನಾನೇ ನಾಲ್ಕು ಸಾಲು ಅಳಿಸಿದ್ದೆ. ತಪ್ಪು ನನ್ನದು."

ಅಮ್ಮ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ.

"ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಯ್ತದೆ ಕಣಮ್ಮ. ನನಗೆ ಚೀಟಿ ಹಾಕೇ ಅವಮಾನ ಮಾಡಿದ್ದು. ಇದನ್ನೂ ಚೀಟಿ ಹಾಕ್ಕೊಡು."

ಹಾಕಿಕೊಟ್ಟೆ. 'ಹಾಲಿನಲ್ಲಿ ನೀರಿಲ್ಲ, ತಪ್ಪು ಪ್ರೋಗ್ರಾಂ ಬರೆದವರದು' ಎಂದು ಟೈಪು ಮಾಡಿ ಅಚ್ಚು ತೆಗೆದೆ. ಸೆಕ್ರೆಟರಿ ಓದಲು ಕೈಚಾಚಿದರೆ ಅಮ್ಮ ಬಿಡಲಿಲ್ಲ. "ಬರೆದೋಳೇ ಓದ್ಲಿ, ಗಟ್ಟಿಯಾಗಿ," ಎಂದರು. ಓದಿದೆ. ತರಗತಿಯಲ್ಲಿ ಮೂವತ್ತು ಜನಕ್ಕೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ಗಂಟಲು, ಸಾಲಿನ ತುದಿಯವರೆಗೂ ಕೇಳಿಸಿತು. ಯಾರೂ ನಗಲಿಲ್ಲ. ಮೂರು ಹಳೆಯ ಚೀಟಿಗಳನ್ನು ಸೆಕ್ರೆಟರಿ ಎಲ್ಲರ ಮುಂದೆಯೇ ಹರಿದು ಹಾಕಿದರು. ಅಷ್ಟಕ್ಕೆ ಮುಗಿಯಿತೆಂದು ನಾನು ಬ್ಯಾಗು ಹೆಗಲಿಗೇರಿಸಿದೆ.

"ಎಲ್ಲಿಗೆ?" ಎಂದರು ಅಮ್ಮ.

"ಬಸ್ಸು ಬರುತ್ತಮ್ಮ."

"ಬಸ್ಸು ನಾಳೇನೂ ಬರುತ್ತೆ. ಬಾ ನನ್ನ ಜೊತೆ."

ಹಸುವಿನ ಕೆಚ್ಚಲಲ್ಲಿ ಉಳಿದಿದ್ದ ಹಾಲನ್ನು ಚೊಂಬಿಗೆ ಕರೆದು, ಆ ಚೊಂಬನ್ನು ನನ್ನ ಕೈಗೇ ಕೊಟ್ಟರು. ಅವರು ಮುಂದೆ, ನಾನು ಹಿಂದೆ. ಹಿತ್ತಾಳೆ ಅಂಗೈಗೆ ಬೆಚ್ಚಗೆ ತಾಗುತ್ತಿತ್ತು. ಎರಡು ಬೀದಿ ದಾಟಿದ ಮೇಲೆ ಒಂದು ಬಾಗಿಲ ಮುಂದೆ ನಿಂತರು. ಒಳಗಿನಿಂದ ಎಳೆಮಗು ಅಳುವುದು ಕೇಳುತ್ತಿತ್ತು. ಬಾಣಂತಿಯ ಅತ್ತೆ ಹೊರಗೆ ಬಂದವರು ಅಮ್ಮನನ್ನು ನೋಡಿ ಮುಖ ಬಿಗಿದುಕೊಂಡರು. ಎರಡು ದಿನದಿಂದ ಊರಿಗೆಲ್ಲ ಕೇಳುವಂತೆ ಕೂಗಾಡಿದ ಅಮ್ಮ ಆ ಬಾಗಿಲಲ್ಲಿ ತಲೆತಗ್ಗಿಸಿ ನಿಂತುಬಿಟ್ಟರು. ಆಗ ನನಗೆ ಗೊತ್ತಾಯಿತು, ಅವರಿಗೆ ಬೇಕಾಗಿದ್ದದ್ದು ಡೈರಿಯಲ್ಲ, ಈ ಬಾಗಿಲು.

ಚೀಟಿ ಓದಬೇಕು ಎಂದುಕೊಂಡೆ, ಓದಲಿಲ್ಲ. "ಅಮ್ಮ, ಇವರ ಹಾಲಿಗೆ ನೀರು ಅಂತ ಬರೆದಿದ್ದು ನಾನು. ಹಾಲು ಬಿಸಿ ಇತ್ತು ಅಷ್ಟೇ. ನನ್ನಿಂದ ತಪ್ಪಾಯ್ತು," ಎಂದೆ. ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಇಷ್ಟು ಚಿಕ್ಕದೆಂದು ನನಗೆ ತಿಳಿದಿರಲಿಲ್ಲ.

ಆಕೆ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ಹತ್ತಿರ ಬಂದು, ನನ್ನ ಕೈಯಲ್ಲಿದ್ದ ಚೊಂಬಿಗೆ ಹಿಂಗೈ ಇಟ್ಟು ನೋಡಿದರು.

"ಬಿಸಿ ಇದೆ," ಎಂದು ಚೊಂಬು ತೆಗೆದುಕೊಂಡು ಒಳಗೆ ಹೋದರು.